ಇಪ್ಪತ್ತನಾಲ್ಕನೇ ನಂಬರಿನ ಅಲಗುಗಳು

ಎರ್ಸಾಯಿನ್ ಬೈಗಾರಿನ್‌ನನ್ನು ಯಾಮಾರಿಸಬಲ್ಲ ಗಂಡು ಇರ್ತಿಶ್ ನದಿಯ ಈ ದಡದಲ್ಲಿ ಹುಟ್ಟಿಲ್ಲ. ಆ ದಡದಲ್ಲಿ ಒಬ್ಬ ಹುಟ್ಟಿದ್ದನಂತೆ, ಎರ್ಸಾಯಿನನ ಹೆಸರು ಕೇಳಿದ್ದೇ ಗಂಟುಮೂಟೆ ಕಟ್ಟಿ ಚೀನಾದ ಗಡಿ ದಾಟಿದನಂತೆ. ಇದನ್ನು ಹೇಳಿದವನು ಎರ್ಸಾಯಿನನೇ. ತನ್ನೂರು ಕೆನ್‌ಸಾಯ್‌ನ ಉಗಿಸ್ನಾನದ ಮನೆಯಲ್ಲಿ, ಸೊಂಟಕ್ಕೊಂದು ಟವೆಲ್ಲು, ತಲೆಗೊಂದು ಉಣ್ಣೆ ಟೋಪಿ ಬಿಟ್ಟರೆ ಬೇರೇನೂ ಇಲ್ಲದ ಸ್ಥಿತಿಯಲ್ಲಿ ಹೇಳಿದ. ಟವೆಲ್ಲನ್ನು ಮನೆಯಿಂದಲೇ ತಂದಿದ್ದ. ಅಲ್ಲಿಯ ಟವೆಲ್ಲುಗಳ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ.

ಅನುಮಾನ ಅವನಿಗೆ ಹುಟ್ಟಿನಿಂದ ಬಂದದ್ದು. ಕೆನ್‌ಸಾಯ್‌ನ ಚಳಿಗಾಲದಲ್ಲಿ ನಾಯಿ ಕೂಡ ಬೊಗಳುವುದಕ್ಕೆ ಮೊದಲು ಬೆಚ್ಚಗಿನ ಜಾಗ ಹುಡುಕಿಕೊಳ್ಳುತ್ತದೆ. ಅಂಥ ಚಳಿಯಲ್ಲಿ ಸೀಸದ ಕಾರ್ಖಾನೆಯ ಕೂಲಿಯಾಗಿದ್ದ ಅಪ್ಪ ವಠಾರದ ಅಂಗಳಕ್ಕೆ ನೀರು ಹರಿಸಿ ಮಂಜುಗಡ್ಡೆಯ ಹಾಕಿ ಅಂಕಣ ಮಾಡಿಕೊಡುತ್ತಿದ್ದ. ಏಳು ವರ್ಷದ ಎರ್ಸಾಯಿನ್ ಗೋಲಿನ ಮುಂದೆ ನಿಂತಿದ್ದಾಗ ಎದುರಿನ ಹುಡುಗ ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ಬರುತ್ತಾ, "ಲೋ, ನಿಮ್ಮಮ್ಮ ಕೂಗ್ತಿದಾಳೆ ನೋಡೋ!" ಎಂದ. ಎರ್ಸಾಯಿನ್ ತಿರುಗಲಿಲ್ಲ. ಬಿಲ್ಲೆಯನ್ನು ಕಸಿದು ವಠಾರದಾಚೆಗೆ ಹೊಡೆದ. ಅಮ್ಮ ನಿಜವಾಗಿಯೇ ಕೂಗುತ್ತಿದ್ದಳು. ಅಂದು ಅಮ್ಮನ ಕೈಯಿಂದ ಬಿದ್ದ ಏಟಿನ ಸದ್ದಿಗೆ ಮೂರನೇ ಮಹಡಿಯ ಕಿಟಕಿಯ ಗಾಜು ಬಿರುಕುಬಿಟ್ಟಿತು. ಆದರೆ ಗೋಲು ಆಗಲಿಲ್ಲ, ಮತ್ತು ಅವನ ಜೀವನದ ದಾರಿ ಅಲ್ಲೇ ತೀರ್ಮಾನವಾಯಿತು.

ಐಸ್ ಹಾಕಿಯಲ್ಲಿ ಮುಂದೆ ನುಗ್ಗುವವನಿಗೆ ಕನಸು ಬೇಕು, ಹಿಂದೆ ನಿಂತು ತಡೆಯುವವನಿಗೆ ಅನುಮಾನ ಬೇಕು. ಎದುರಾಳಿಯ ಭುಜ ಎಡಕ್ಕೆ ಬಾಗಿದರೆ ಭುಜವನ್ನು ನಂಬಬಾರದು. ಕಣ್ಣು ಬಲಕ್ಕೆ ಹೊರಳಿದರೆ ಕಣ್ಣನ್ನೂ ನಂಬಬಾರದು. ಎರ್ಸಾಯಿನ್ ಹುಟ್ಟಾ ಯಾವುದನ್ನೂ ನಂಬದವನು. ಹದಿನೆಂಟಕ್ಕೆಲ್ಲ ಊರಿನ ಬಲ್ಗಾ ತಂಡಕ್ಕೆ ಸೇರಿದ. ಬಲ್ಗಾ ಅಂದರೆ ಸುತ್ತಿಗೆ, ಹೆಸರಿಗೆ ಇವನು ಸರಿಯಾಗಿಯೇ ಹೊಂದಿದ. ಇವನ ಡಿಕ್ಕಿ ತಿಂದ ಒಬ್ಬ ಆಟಗಾರ ಹಲಗೆಯ ತಡೆಗೋಡೆ ಹಾರಿ ಪ್ರೇಕ್ಷಕರ ನಡುವೆ ಬಿದ್ದವನು, ಅಲ್ಲೇ ಒಂದು ಟಿಕೆಟ್ ಕೊಂಡು ಉಳಿದ ಆಟವನ್ನು ಕೂತು ನೋಡಿದನಂತೆ. ನಡುವೆ ಕೆಲವು ವರ್ಷ ಸೈಬೀರಿಯದ ತಂಡವೊಂದು ಕರೆದುಕೊಂಡು ಹೋಯಿತು. ಅಲ್ಲಿ ಅಡುಗೆಯವಳು ಒಂದು ಚಮಚ ಕುಡಿದು ತೋರಿಸುವ ತನಕ ಇವನು ಸೂಪು ಮುಟ್ಟಲಿಲ್ಲ. ಊರಿಗೆ ಮರಳಿದಾಗ ಬಾಯಲ್ಲಿ ಹಲ್ಲು ಕಡಿಮೆಯಾಗಿತ್ತು, ಹೆಸರು ದೊಡ್ಡದಾಗಿತ್ತು.

ಮದುವೆಯೂ ಹೀಗೆಯೇ ಆಯಿತು. ಕುಲ್ಯಾಶ್ ಒಪ್ಪಿಕೊಂಡಾಗ ಅವನು ಸಂತೋಷಪಡುವುದು ಬಿಟ್ಟು, "ಯಾಕೆ ಒಪ್ಕೊಂಡೆ?" ಎಂದು ಕೇಳಿದ.

"ಇಷ್ಟ ಆದೆ, ಅದಕ್ಕೆ."

"ಅದು ಸರಿ. ನಿಜವಾದ ಕಾರಣ ಏನು?"

"ಇನ್ನೊಂದ್ಸಲ ಕೇಳು, ಒಪ್ಪಿದ್ದನ್ನ ವಾಪಸ್ ತಗೋತೀನಿ."

ಇಷ್ಟೆಲ್ಲ ಅನುಮಾನದ ಮನುಷ್ಯನೂ ಲೋಕದಲ್ಲಿ ಒಬ್ಬನನ್ನು ಮಾತ್ರ ನಂಬಿದ್ದ. ಅವನು ಗೆನ್ರಿಖ್ ಕಾರ್ಲೋವಿಚ್, ಎಲ್ಲರ ಬಾಯಲ್ಲಿ ಕಾರ್ಲಿಚ್, ತಂಡದ ಸ್ಕೇಟುಗಳಿಗೆ ಸಾಣೆ ಹಿಡಿಯುವವನು. ಜರ್ಮನ್ ಮೂಲದ ಬಂಧುಬಳಗವೆಲ್ಲ ಜರ್ಮನಿಗೆ ಹೊರಟುಹೋದರೂ, ಅಲ್ಲಿಯ ಸಾಣೆಕಲ್ಲು ಹೇಗಿರುತ್ತದೋ ಏನೋ ಎಂದು ಇಲ್ಲೇ ಉಳಿದ ಮುದುಕ. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಅವನ ಕೋಣೆ. ಸಾಣೆ ಮುಗಿದ ಅಲಗುಗಳನ್ನು ಜೋಡಿ ಜೋಡಿಯಾಗಿ ಮೊಳೆಗೆ ನೇತುಹಾಕಿ, ಆಟಗಾರನ ನಂಬರಿನ ತಗಡಿನ ಬಿಲ್ಲೆ ಕಟ್ಟಿಡುತ್ತಿದ್ದ. ಎರ್ಸಾಯಿನ್ ಬಂದು ತನ್ನ ಇಪ್ಪತ್ತನಾಲ್ಕನೇ ನಂಬರಿನ ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆಯುತ್ತಿದ್ದ. ಉಗುರಿನಿಂದ ಬಿಳಿ ಪುಡಿ ಉದುರಿದರೆ ಸಾಣೆ ಸರಿಯಿದೆ ಎಂದರ್ಥ. ಆಮೇಲೆ ಇಬ್ಬರೂ ಹಾಲು ಹಾಕಿದ ಚಹಾ ಕುಡಿಯುತ್ತಿದ್ದರು. ಬಲ್ಗಾ ಸೇರಿದ ದಿನದಿಂದ, ಸೈಬೀರಿಯದ ವರ್ಷಗಳನ್ನು ಬಿಟ್ಟರೆ, ಇದು ತಪ್ಪಿದ್ದಿಲ್ಲ.

ಆ ವರ್ಷದ ಬೇಸಿಗೆಯ ಕೊನೆಯಲ್ಲಿ ಅಭ್ಯಾಸ ಶುರುವಾದಾಗ ಎರ್ಸಾಯಿನನಿಗೆ ಮಂಜುಗಡ್ಡೆ ಮಾತು ಕೇಳದಂತಾಯಿತು. ತಿರುಗಬೇಕೆಂದ ಕಡೆ ತಿರುಗಲು ಆಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಹುಡುಗರು ಪಕ್ಕದಲ್ಲೇ ನುಸುಳಿಕೊಂಡು ಹೋಗುತ್ತಿದ್ದರು. ಮೊದಲು ಅವನು ಮಂಜುಗಡ್ಡೆ ಹಾಸುವವನನ್ನು ಹಿಡಿದುಕೊಂಡ: "ನಾನು ನಿಲ್ಲೋ ಕಡೆ ಮಾತ್ರ ಮೆತ್ತಗೆ ಮಾಡ್ತಿದೀಯಲ್ಲಾ, ಯಾರು ಹೇಳಿದ್ದು?" ಅವನು, "ಅಣ್ಣಾ, ಆಟದ ಮಧ್ಯೆ ತಂಡಗಳು ಕಡೆ ಬದಲಾಯಿಸ್ತಾವಲ್ಲ, ಆಗ ಏನು ನಾನು ಐಸನ್ನ ಹೊತ್ಕೊಂಡು ನಿಮ್ಮ ಹಿಂದೆ ಓಡ್ಲಾ?" ಎಂದ. ಉತ್ತರ ಸರಿಯಾಗಿಯೇ ಇತ್ತು. ಎರ್ಸಾಯಿನನಿಗೆ ಅದೇ ಅನುಮಾನಕ್ಕೆ ಕಾರಣವಾಯಿತು. ತಯಾರಿಲ್ಲದೆ ಯಾರಾದರೂ ಅಷ್ಟು ಸರಿಯಾಗಿ ಉತ್ತರ ಕೊಡುತ್ತಾರೆಯೇ?

ಅಷ್ಟರಲ್ಲಿ ಕೋಚ್ ಸಾವೆಲಿಚ್ ಎಲ್ಲರನ್ನೂ ನಿಲ್ಲಿಸಿ ಹೇಳಿದ: ಈ ಸಲ ತಡೆಗಾರರು ಎಂಟೇ ಜನ. ಏಳು ಜನ ಖಾಯಂ. ಎಂಟನೆಯವನು ಎರ್ಸಾಯಿನ್ ಅಥವಾ ದಿದಾರ್. ಶನಿವಾರ ತಂಡವನ್ನು ಎರಡು ಭಾಗ ಮಾಡಿ ಆಡಿಸಿ, ಅಲ್ಲೇ ತೀರ್ಮಾನ. ಎರ್ಸಾಯಿನನಿಗೆ ಮೂವತ್ತೆಂಟು. ಈ ಸಲ ಬಲ್ಗಾ ಕೈಬಿಟ್ಟರೆ ಇನ್ನು ಯಾವ ತಂಡವೂ ಕರೆಯುವುದಿಲ್ಲ. ಆಟ ಬಿಟ್ಟರೆ ಅವನಿಗೆ ಗೊತ್ತಿದ್ದ ಇನ್ನೊಂದೇ ಕೆಲಸ ಅನುಮಾನಪಡುವುದು, ಮತ್ತು ಬರೀ ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ದಿದಾರ್ ಹುಲ್ಲುಗಾವಲಿನ ಕಡೆಯ ಹಳ್ಳಿಯ ಹುಡುಗ, ಏಳನೇ ನಂಬರು. ಎರ್ಸಾಯಿನನ ಚೀಲ ಹೊತ್ತುಕೊಳ್ಳುತ್ತಿದ್ದ, ಬಾಗಿಲು ತೆರೆದು ಹಿಡಿಯುತ್ತಿದ್ದ, ಮಾತು ಮಾತಿಗೆ 'ಆಗಾ' ಅನ್ನುತ್ತಿದ್ದ, ಅಣ್ಣ ಎಂದು. ಇಷ್ಟು ಮರ್ಯಾದೆ ಸುಮ್ಮನೆ ಬರುವುದಿಲ್ಲ ಎಂದು ಎರ್ಸಾಯಿನ್ ಲೆಕ್ಕ ಹಾಕಿದ. ಆ ವಾರವೇ ಲೆಕ್ಕ ತಾಳೆಯಾಯಿತು. ದಿದಾರ್ ಸಾಣೆಯ ಕೋಣೆಯಿಂದ ಹೊರಬರುವುದನ್ನು ಕಂಡ. ಒಳಗೆ ಇಣುಕಿದರೆ ಗೆನ್ರಿಖ್‌ನ ಮೇಜಿನ ಮೇಲೊಂದು ಬಟ್ಟೆಯ ಗಂಟು.

"ಏನಿದು, ಕಾರ್ಲಿಚ್?"

"ಕುರ್ತ್. ಹುಡುಗನ ಅಜ್ಜಿ ಕಳ್ಸಿದ್ದಂತೆ. ಒಂದು ಬಾಯಿಗೆ ಹಾಕ್ಕೊ."

ಕುರ್ತ್ ಎಂದರೆ ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆ, ಕಲ್ಲಿನಷ್ಟು ಗಟ್ಟಿ. ಎರ್ಸಾಯಿನ್ ಬಾಯಿಗೆ ಹಾಕಿಕೊಳ್ಳಲಿಲ್ಲ. ಉಳಿದ ಹಲ್ಲುಗಳ ಯೋಚನೆಯೂ ಇತ್ತು, ಆದರೆ ಅದಕ್ಕಿಂತ ದೊಡ್ಡ ಯೋಚನೆಯೊಂದು ತಲೆಗೆ ಹೊಕ್ಕಿತ್ತು. ಕುರ್ತ್ ಕೊಟ್ಟವನ ಅಲಗು ಚೂಪು, ಕೊಡದವನದು ಮೊಂಡು! ಇಷ್ಟು ವರ್ಷ ನಂಬಿದ್ದ ಒಬ್ಬನೇ ಒಬ್ಬ ಮನುಷ್ಯ ಒಂದು ಗಂಟು ಮೊಸರುಂಡೆಗೆ ಕೈಬಿಟ್ಟ. ಅಂದು ಅವನು ಚಹಾ ಕುಡಿಯದೆ ಹೊರಟ. ಗೆನ್ರಿಖ್ ಎರಡು ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

ಸಂಜೆ ಸ್ಕೇಟುಗಳನ್ನು ಮನೆಗೇ ತಂದು, ಊಟದ ಮೇಜಿನ ಮೇಲಿಟ್ಟು, ದೀಪದ ಕೆಳಗೆ ಅಲಗು ಪರೀಕ್ಷಿಸತೊಡಗಿದ.

"ಅಯ್ಯಯ್ಯೋ, ಊಟ ಮಾಡೋ ಜಾಗದಲ್ಲಿ ಬೂಟಾ?" ಕುಲ್ಯಾಶ್ ರೊಟ್ಟಿಯ ತಟ್ಟೆಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ನಮ್ಮತ್ತೆ ಇದ್ದಿದ್ರೆ ಇದೇ ಬೂಟಲ್ಲಿ ಬಾರಿಸ್ತಿದ್ರು ನಿನಗೆ."

"ಸುಮ್ನಿರು. ಉಗುರು ಚೆನ್ನಾಗೇ ಕೆರೀತಿದೆ."

"ಹಂಗಾದ್ರೆ ಸರಿಯಾಗಿದೆ ಅಂತ ತಾನೆ?"

"ಅದೇ ಮೋಸ! ಉಗುರಿಗೆ ಹರಿತ, ಐಸಿಗೆ ಮೊಂಡು. ಅಂಥ ಕೈಚಳಕ ಆ ಮುದುಕನಿಗೆ ಬಿಟ್ಟು ಯಾರಿಗಿದೆ?"

"ಎರ್ಸಾಯಿನ್, ಮೊನ್ನೆ ಮೆಟ್ಟಿಲು ಹತ್ತುವಾಗ ನೀನು ಕಂಬಿ ಹಿಡ್ಕೊಂಡಿದ್ದನ್ನ ನಾನು ನೋಡಿದೆ."

"ಅದು ಬೇರೆ ವಿಷಯ. ನಮ್ ಬಿಲ್ಡಿಂಗಿನ ಮೆಟ್ಟಿಲು ಯಾರೋ ಎತ್ತರ ಮಾಡಿಸಿದಾರೆ."

ಕುಲ್ಯಾಶ್ ರೊಟ್ಟಿಯ ತಟ್ಟೆಯನ್ನು ಒಲೆಯ ಪಕ್ಕಕ್ಕೆ ಒಯ್ದಿಟ್ಟಳು. ಅದನ್ನೂ ಅವನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅಂಕಣಕ್ಕೆ ಬಂದು ಸಾಣೆಯ ಕೋಣೆ ಹೊಕ್ಕ. ಗೆನ್ರಿಖ್ ಎಲ್ಲರ ಅಲಗುಗಳನ್ನೂ ಸಾಣೆ ಹಿಡಿದು ಮೊಳೆಗೆ ನೇತುಹಾಕಿ ಚಹಾಕ್ಕೆ ನೀರು ತರಲು ಹೋಗಿದ್ದ. ಈಗಿನ ಸ್ಕೇಟುಗಳಲ್ಲಿ ಹಿಮ್ಮಡಿಯ ಕೆಳಗಿನ ಚಿಲಕ ಒತ್ತಿದರೆ ಅಲಗು ಕೈಗೆ ಬರುತ್ತದೆ, ಇನ್ನೊಂದನ್ನು ಸಿಕ್ಕಿಸಿದರಾಯಿತು. ಅವನದೂ ದಿದಾರನದೂ ಒಂದೇ ಅಳತೆಯ ಪಾದ. ಎರ್ಸಾಯಿನ್ ಇಪ್ಪತ್ತನಾಲ್ಕರ ತಗಡನ್ನು ಏಳರ ಅಲಗುಗಳಿಗೆ ಕಟ್ಟಿದ, ಏಳರ ತಗಡನ್ನು ಇಪ್ಪತ್ತನಾಲ್ಕಕ್ಕೆ. ಈಗ ಕುರ್ತಿನ ಹರಿತ ಇವನ ಕಾಲಿಗೆ, ಮೊಂಡು ಆ ಹುಡುಗನ ಕಾಲಿಗೆ. ಲೋಕದಲ್ಲಿ ನ್ಯಾಯವೆಂಬುದು ಇದೆ ಎಂದುಕೊಂಡು ಹೊರಬಂದ.

ಆಟ ಶುರುವಾಯಿತು. ಹಗುರ ಹುಡುಗನಿಗೆ ಅಲಗಿನ ನಡುವೆ ಆಳದ ತೋಡು ಬೇಕು, ಇಲ್ಲದಿದ್ದರೆ ಮಂಜುಗಡ್ಡೆ ಕಚ್ಚುವುದಿಲ್ಲ. ಎತ್ತಿನಂಥ ಆಳಿಗೆ ತೋಡು ತೆಳುವಾಗಿರಬೇಕು, ಇಲ್ಲದಿದ್ದರೆ ಕಚ್ಚಿದ್ದು ಬಿಡುವುದಿಲ್ಲ. ಇದು ಕೆನ್‌ಸಾಯ್‌ನ ಮಗುವಿಗೂ ಗೊತ್ತು. ಎರ್ಸಾಯಿನನಿಗೂ ಗೊತ್ತಿತ್ತು, ಆದರೆ ಅನುಮಾನ ತಲೆಯಲ್ಲಿ ತುಂಬಿಕೊಂಡು ಬೇರೆ ಯಾವುದಕ್ಕೂ ಜಾಗ ಬಿಟ್ಟಿರಲಿಲ್ಲ. ಮೊದಲ ತಿರುವಿನಲ್ಲೇ ಅಲಗು ಮಂಜುಗಡ್ಡೆಯಲ್ಲಿ ಬೇರು ಬಿಟ್ಟಂತೆ ನಿಂತಿತು. ಎರ್ಸಾಯಿನ್ ನಿಲ್ಲಲಿಲ್ಲ. ಕಾಲು ಒಂದು ಕಡೆ, ದೇಹ ಇನ್ನೊಂದು ಕಡೆ, ಹೆಲ್ಮೆಟ್ಟು ಮೂರನೇ ಕಡೆ ಹೋಯಿತು. ಬಿದ್ದ ಸದ್ದಿಗೆ ಕಾರ್ಖಾನೆಯವರು ಪಾಳಿ ಮುಗಿಯಿತೆಂದು ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೊರಟರಂತೆ.

ಎದ್ದು ನೋಡಿದರೆ ದಿದಾರ್ ಬೀಳುತ್ತಿರಲಿಲ್ಲ. ಮೊದಲೊಂದು ಗಳಿಗೆ ಬೆಣ್ಣೆಯ ಮೇಲೆ ಕಾಲಿಟ್ಟವನಂತೆ ಅತ್ತಿತ್ತ ಜಾರಿದ, ಮಂಡಿ ಬಗ್ಗಿಸಿ ಹದ ಕಂಡುಕೊಂಡ, ಆಮೇಲೆ ಹಾರಿಯೇಬಿಟ್ಟ. ಯಾವ ಅಲಗನ್ನು ಎರ್ಸಾಯಿನ್ ಮೊಂಡೆಂದು ಶಪಿಸಿದ್ದನೋ ಅದೇ ಅಲಗಿನ ಮೇಲೆ ಹುಡುಗ ಗಾಳಿಯಂತೆ ಹಿಂದಕ್ಕೆ ಸರಿದು, ತಿರುಗಿ, ಎದುರಾಳಿಯ ಕೋಲಿನಿಂದ ಬಿಲ್ಲೆಯನ್ನು ಹೂವು ಬಿಡಿಸಿಕೊಂಡಂತೆ ಬಿಡಿಸಿಕೊಂಡ. ಎರ್ಸಾಯಿನ್ ಇನ್ನೊಮ್ಮೆ ಬಿದ್ದ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಕೊನೆಗೆ ಅವನನ್ನು ಇಬ್ಬರು ಹಿಡಿದುಕೊಂಡು ಹೊರಗೆ ಕರೆತಂದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ದಿದಾರ್ ಬೆವರೊರೆಸಿಕೊಳ್ಳುತ್ತಾ, "ಕಾರ್ಲಿಚ್ ಇವತ್ತು ಅದೇನ್ ಮಾಡಿದಾರೋ! ದಿನಾ ಹಿಂಗೇ ಸಾಣೆ ಹಿಡೀಲಿ" ಎನ್ನುತ್ತಾ ಅಲಗು ಬಿಚ್ಚಿದ. ತಗಡಿನಲ್ಲಿ ಏಳಿದ್ದರೇನು, ಉಕ್ಕಿನ ಒಳಬದಿಯಲ್ಲಿ ಕೊರೆದದ್ದು ಇಪ್ಪತ್ತನಾಲ್ಕು. ಹುಡುಗ ಅದನ್ನು ನೋಡಿದ, ಎರ್ಸಾಯಿನನ ಮುಖ ನೋಡಿದ, ತಟ್ಟನೆ ಅಲಗನ್ನು ಟವೆಲ್ಲಿನೊಳಗೆ ಸುತ್ತಿದ. ಆದರೆ ಸಾವೆಲಿಚ್ ಬಾಗಿಲಲ್ಲೇ ನಿಂತಿದ್ದ.

"ಗೆನ್ರಿಖ್! ಬಾ ಇಲ್ಲಿ!" ಅವನ ಕೂಗಿಗೆ ಗೋಡೆಯ ಸುಣ್ಣ ಉದುರಿತು. "ಒಬ್ಬನ ಅಲಗು ಇನ್ನೊಬ್ಬನಿಗೆ ಕಟ್ತೀಯಾ? ನನ್ನ ಆಟಗಾರನ ಕಾಲು ಮುರೀತಿತ್ತು! ಕಣ್ಣು ಕಾಣದಿದ್ರೆ ಹೇಳು, ಬೇರೆಯವರನ್ನ ನೋಡ್ತೀನಿ."

ಗೆನ್ರಿಖ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ನಾನು ಸರಿಯಾಗೇ ಕಟ್ಟಿದ್ದೆ ಅನ್ಕೊಂಡಿದ್ದೆ," ಎಂದ. ಏಳರ ತಗಡನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದ, ಆಮೇಲೆ ದೂರ ಹಿಡಿದ. ತನ್ನ ಕಣ್ಣಿನ ಮೇಲೆ ಅವನಿಗೇ ಅನುಮಾನ ಬಂದಂತಿತ್ತು.

ಎರ್ಸಾಯಿನ್ ಆ ತಗಡನ್ನೇ ನೋಡಿದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸಾಣೆಯವನ ತಪ್ಪು, ಇವನು ಬಿದ್ದದ್ದು ಲೆಕ್ಕಕ್ಕಿಲ್ಲ, ಇನ್ನೊಂದು ಶನಿವಾರ ಇನ್ನೊಂದು ಆಟ. ಎಂಟನೇ ಜಾಗ ಇನ್ನೂ ಉಳಿದಿತ್ತು.

"ಅವ್ರನ್ನ ಬಿಡಿ, ಸಾವೆಲಿಚ್," ಎಂದ. "ಅದಲುಬದಲು ಮಾಡಿದ್ದು ನಾನು."

"ನೀನಾ? ಯಾಕೆ?"

"ಕಾರ್ಲಿಚ್ ನನ್ನ ಅಲಗು ಮೊಂಡು ಮಾಡಿ ಇವನದನ್ನ ಹರಿತ ಮಾಡ್ತಿದಾರೆ ಅನ್ಕೊಂಡೆ. ಕುರ್ತ್ ತಗೊಂಡು."

ಕೋಣೆಯಲ್ಲಿ ಯಾರೋ ನಗಲು ಶುರುಮಾಡಿ, ಕೋಚಿನ ಮುಖ ನೋಡಿ ಅದನ್ನು ಕೆಮ್ಮು ಮಾಡಿಕೊಂಡರು. ದಿದಾರ್ ಪಾಪ ತಲೆ ತಗ್ಗಿಸಿ, "ಆಗಾ, ನಿಮ್ಮ ಅಲಗು ಮೊಂಡಾಗಿರ್ಲಿಲ್ಲ," ಎಂದ, ತಾನೇ ತಪ್ಪು ಮಾಡಿದವನಂತೆ.

"ಗೊತ್ತಾಯ್ತು ಕಣೋ. ಬಿದ್ದಲ್ಲಿಂದ ನಿನ್ನನ್ನೇ ನೋಡ್ತಿದ್ದೆ."

ಸಾವೆಲಿಚ್ ಟವೆಲ್ಲು ಬಿಚ್ಚಿ ಅಲಗನ್ನು ಬೆಂಚಿನ ಮೇಲಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ, "ಎಂಟನೆಯವನು ದಿದಾರ್," ಎಂದು ಹೇಳಿ ಹೊರಟುಹೋದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಕೋಣೆಯಲ್ಲಿ ಎರ್ಸಾಯಿನ್ ಮತ್ತು ಮುದುಕ ಇಬ್ಬರೇ ಉಳಿದರು.

ಗೆನ್ರಿಖ್ ಬಾಗಿ ಅಲಗುಗಳನ್ನು ಎತ್ತಿಕೊಂಡು, ಕನ್ನಡಕ ಮೂಗಿಗೇರಿಸಿದ.

"ಐಸಿನವನ ಮೇಲೆ ಅನುಮಾನಪಟ್ಟೆ. ಹುಡುಗನ ಮೇಲೆ ಪಟ್ಟೆ. ಕಡೆಗೆ ನನ್ನ ಮೇಲೂ ಪಟ್ಟೆ. ಸಮಾಧಾನ ಆಯ್ತಾ ಮಹರಾಯ? ಇಲ್ಲ, ಇನ್ನೂ ಯಾರಾದ್ರೂ ಉಳಿದಿದಾರಾ?"

ಎರ್ಸಾಯಿನ್ ಕಷ್ಟಪಟ್ಟು ಬೆಂಚಿನಿಂದ ಏಳುತ್ತಾ ಎರಡೂ ಮಂಡಿಗಳ ಮೇಲೆ ಕೈಯೂರಿದ.

"ಉಳಿದಿದಾರೆ, ಕಾರ್ಲಿಚ್. ಇವೆರಡು. ಊರವರನ್ನೆಲ್ಲ ಕಾವಲು ಕಾದೆ, ಈ ಕಳ್ಳರು ಮಾತ್ರ ನನ್ನ ಪ್ಯಾಂಟಿನೊಳಗೇ ಕೂತ್ಕೊಂಡು ಆ ಹುಡುಗನ ಕಡೆ ಸೇರ್ಕೊಂಡ್ಬಿಟ್ಟಿದ್ರು. ಅದೂ ಒಂದೇ ಒಂದು ಕುರ್ತ್ ತಗೊಳ್ದೆ!"