ಗಿಡ್ಡ ಬೊಗಳಿದರೆ ಉದ್ದ ಓಡುತ್ತಿತ್ತು

ಮದುವೆಗೆ ನಾನು ಹಾಕಿದ್ದು ಒಂದೇ ಷರತ್ತು. ನನ್ನ ನಾಯಿಯೂ ನನ್ನ ಜೊತೆ ಬರಬೇಕು. ಚಾಮರಾಜನಗರದ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಒಂದು ಪಮೇರಿಯನ್ ಇತ್ತು. ಅಪ್ಪ ಹೈಸ್ಕೂಲ್ ಮೇಷ್ಟ್ರು. ಅವರ ಗೆಳೆಯರೊಬ್ಬರು ಊಟಿಯಿಂದ ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದುಕೊಟ್ಟ ಮರಿ ಅದು. ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ನಮ್ಮ ಬೀದಿಯಲ್ಲಿ ಪಮೇರಿಯನ್ ಇರುವ ಮನೆಗೆ ಫೋನ್ ಇರುವ ಮನೆಯಷ್ಟೇ ಮರ್ಯಾದೆ.

ಹೆಣ್ಣು ನೋಡಲು ಗುಂಡ್ಲುಪೇಟೆ ಹತ್ತಿರದ ಹಂಗಳದಿಂದ ಬಂದಿದ್ದು ಹುಡುಗ ಮತ್ತು ಅವರ ತಂದೆ, ಇಬ್ಬರೇ. ನಾನು ಉಪ್ಪಿಟ್ಟು ತರುವಷ್ಟರಲ್ಲಿ ನಾಯಿ ಹುಡುಗನ ಪಾದದ ಮೇಲೆ ಕೂತುಬಿಟ್ಟಿತ್ತು. ಕಾಲು ಜೋಮು ಹಿಡಿದರೂ ಅವರು ಕದಲಲಿಲ್ಲ. ಅಪ್ಪ ಮುಜುಗರಪಡುತ್ತ ಷರತ್ತಿನ ವಿಷಯ ಎತ್ತಿದಾಗ ನನ್ನ ಗಂಡನಾಗಲಿದ್ದವರೇ, "ಅದ್ಕೇನಂತೆ, ತರ್ಲಿ ಬುಡಿ" ಎಂದರು. ಇದನ್ನು ಅವರು ತಾಯಿಯ ಕಿವಿಗೆ ಹಾಕಿಯೇ ಇರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಮದುವೆ ಮುಗಿಸಿ ಹಂಗಳದ ಮನೆಯ ಹೊಸ್ತಿಲ ಮುಂದೆ ನಿಂತಾಗ.

"ಇದೇನಮ್ಮಿ ಇದು?" ಅತ್ತೆ ನನ್ನ ಸೆರಗಿನ ಪಕ್ಕ ಇಣುಕುತ್ತಿದ್ದ ಬಿಳಿ ಮೂತಿ ನೋಡಿ ಕೇಳಿದರು.

"ನಾಯಿ, ಅತ್ತೆ."

"ನಾಯಿ ಅಂತ ನಂಗೂ ಕಾಣ್ತದ. ಒಳಕ್ಕ ಬತ್ತದಾ ಅಂತ ಕೇಳ್ದೆ."

ನನ್ನ ಗಂಡ ಚಪ್ಪರದ ಕಡೆ ನೋಡುತ್ತ ನಿಂತಿದ್ದರು. ಮಾವ ಕೆಮ್ಮಿದರು. ಬೆಳಿಗ್ಗೆ ಎದ್ದು ಲಿಂಗಪೂಜೆ ಆಗದೆ ಒಲೆ ಹಚ್ಚದ ಮನೆ ಅದು. ಅತ್ತೆ, ಜಗುಲಿ ಮತ್ತು ನಡುಮನೆಯವರೆಗೆ ನಾಯಿ ಬರಬಹುದು, ಅಡುಗೆಮನೆಯ ಕಡೆ ಮೂಗು ಕೂಡ ತಿರುಗಿಸಕೂಡದು ಎಂದು ತೀರ್ಮಾನ ಕೊಟ್ಟರು.

ಬ್ರೆಡ್ಡು ಹಾಲು ತಿಂದು ಬೆಳೆದ ನಾಯಿಗೆ ಹಂಗಳದಲ್ಲಿ ಸಿಕ್ಕಿದ್ದು ರಾಗಿಮುದ್ದೆ. ಮೊದಲ ದಿನ ಅದು ಅಂಗುಳಕ್ಕೆ ಅಂಟಿಕೊಂಡು, ನಾಯಿ ಅರ್ಧ ಗಂಟೆ ಬಾಯಿ ಆಡಿಸುತ್ತ ಅಂಗಳವೆಲ್ಲ ಸುತ್ತಿತು. ಮಜ್ಜಿಗೆಯಲ್ಲಿ ಕಿವುಚಿ ಕೊಡುವುದನ್ನು ಕಲಿತ ಮೇಲೆ ಆ ಸಮಸ್ಯೆ ತೀರಿತು. ಹೊಲಕ್ಕೆ ಹೋಗಿ ಬಂದರೆ ಮೈತುಂಬ ಉತ್ತರಾಣಿ ಮುಳ್ಳು. ಸಂಜೆ ದೀಪ ಹಚ್ಚುವ ತನಕ ಕೂತು ಒಂದೊಂದಾಗಿ ಬಿಡಿಸಬೇಕು. ಅಷ್ಟೇ ಅಲ್ಲದೆ ಅದು ಎಲ್ಲದಕ್ಕೂ ಬೊಗಳುತ್ತಿತ್ತು. ಊಟಿ ಕಡೆ ಹೋಗುವ ಬಸ್ಸಿಗೆ, ಎತ್ತಿನ ಗಾಡಿಗೆ, ಗಾಳಿಗೆ ಅಲ್ಲಾಡುವ ಪಂಚೆಗೆ, ಕೊನೆಗೆ ಅತ್ತೆಯ ಪೂಜೆಯ ಗಂಟೆಗೂ.

"ನಿನ್ನ ನಾಯಿಗ ಬಾಯಿ ನೋಯಾಕಿಲ್ವಾ?" ಎಂದು ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದರು.

ಅವರು ನನ್ನ ಮುಂದೆ ಮೊದಲ ಸಲ ನಕ್ಕಿದ್ದು ಅರಿಸಿನದ ಕಾಲದಲ್ಲಿ. ಬೇಯಿಸಿ ಒಣಗಿಸಿದ ಅರಿಸಿನವನ್ನು ಉಜ್ಜಿ ಹೊಳಪು ಮಾಡಿದ ಮೇಲೆ ಕಣದಲ್ಲಿ ಹಳದಿ ಪುಡಿ ಗುಡ್ಡೆಯಾಗಿ ಉಳಿಯುತ್ತದೆ. ನಾಯಿ ಅದರಲ್ಲಿ ಮನಸಾರೆ ಹೊರಳಾಡಿ ಬಂತು. ನನಗೆ ಅಳು ಬರುವಂತಾಗಿ ಬಚ್ಚಲಿಗೆ ಎಳೆದುಕೊಂಡು ಹೋಗಿ ಬಟ್ಟೆ ಸೋಪು ಹಚ್ಚಿ ತಿಕ್ಕಿದೆ. ಹಳದಿ ನಾಯಿ ಕಣ್ಣೆದುರೇ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುವಂತೆ ಸೋಪು ಬಿದ್ದರೂ ಆಗುತ್ತದೆ ಎಂಬುದು ಆ ಗಾಬರಿಯಲ್ಲಿ ನನಗೆ ಹೊಳೆದಿರಲಿಲ್ಲ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತು ನಕ್ಕರು. ನಾಯಿ ಮತ್ತೆ ಬಿಳಿಯಾಗಲು ಒಂದೂವರೆ ತಿಂಗಳು ಹಿಡಿಯಿತು.

ಮರುವರ್ಷ ಮಾವ ಎತ್ತು ನೋಡಿಬರುತ್ತೇನೆಂದು ಸಂತೆಮರಹಳ್ಳಿ ಸಂತೆಗೆ ಹೋದವರು ಎತ್ತಿಲ್ಲದೆ, ಹೆಗಲ ಮೇಲೆ ಒಂದು ನಾಯಿಮರಿ ಹಾಕಿಕೊಂಡು ಬಂದರು. ಹಾಲಿನಂಥ ಬಿಳುಪು, ಗುಲಾಬಿ ಮೂಗು, ಮೈಗಿಂತ ಉದ್ದ ಕಾಲು. ತಾಳವಾಡಿ ಕಡೆಯ ದನದ ವ್ಯಾಪಾರಿಯೊಬ್ಬ ಕೊಟ್ಟಿದ್ದನಂತೆ.

"ರಾಜಪಾಳ್ಯದ ಜಾತಿ ಕಣಮ್ಮಿ. ಬೇಟೆ ನಾಯಿ. ನಿನ್ನ ಗಿಡ್ಡನಂಗ ಸುಮ್ಸುಮ್ಕ ಬೊಗಳಾಕಿಲ್ಲ. ಹಂದಿ ಬಂದ್ರೆ ಸೀದಾ ಮ್ಯಾಲ ಬೀಳ್ತದ" ಎಂದು ಮಾವ ಹೆಮ್ಮೆಯಿಂದ ಹೇಳಿದರು. ಅಂದಿನಿಂದ ನನ್ನ ನಾಯಿ ಗಿಡ್ಡ, ಹೊಸದು ಉದ್ದ.

ಉದ್ದ ಹೆಸರಿಗೆ ತಕ್ಕಂತೆ ವಾರ ವಾರಕ್ಕೂ ಬೆಳೆಯಿತು. ಮೈ ಮಾತ್ರ ತುಂಬಲಿಲ್ಲ. ಗುಂಡ್ಲುಪೇಟೆಯ ಪಶುವೈದ್ಯರು ನೋಡಿ, ಈ ಜಾತಿಗೆ ಬರೀ ಮುದ್ದೆ ಸಾಲದು, ಮೊಟ್ಟೆಯಾದರೂ ಕೊಡಿ ಎಂದರು. ಮನೆಗೆ ಬಂದು ನನ್ನ ಗಂಡ ಆ ಮಾತನ್ನು ಹೇಳಲು ಎರಡು ದಿನ ತೆಗೆದುಕೊಂಡರು. ಹೇಳಿದ ಮೇಲೆ ಅತ್ತೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ನಾಲ್ಕು ದಿನ ಕಳೆದು, ನಮ್ಮ ಹೊಲದಲ್ಲಿ ಕೆಲಸ ಮಾಡುವ ಹೆಂಗಸು ಬೆಳಿಗ್ಗೆ ಎಲೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದು ಹಿತ್ತಲ ಬೇಲಿಯ ಹತ್ತಿರ ನಿಂತಿದ್ದಳು. ಉದ್ದ ಅವಳ ಕೈಯಿಂದ ತಿನ್ನುತ್ತಿತ್ತು. ನಾನು ಅತ್ತೆಯ ಮುಖ ನೋಡಿದೆ.

"ಅದು ಬಿಳಿ ಆಲೂಗೆಡ್ಡೆ" ಎಂದರು ಅತ್ತೆ, ಹುರುಳಿ ಕೇರುವುದನ್ನು ನಿಲ್ಲಿಸದೆ. "ಅವಳ ಮನೇಲೇ ಬೇಯಿಸ್ಕ ಬತ್ತಾಳ. ನಮ್ ಮನಗ ಏನೂ ಬಂದಿಲ್ಲ."

ಆಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಬಿಳಿ ಆಲೂಗೆಡ್ಡೆ ಎಂದೇ ಕರೆದೆವು.

ಉದ್ದ ಸೊಂಟದೆತ್ತರ ಆಯಿತು. ಆದರೆ ಕರೆದರೆ ಬರುತ್ತಿರಲಿಲ್ಲ. ಮಾವ ಹೊಲದ ಬದುವಿನ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಅದು ಬೇರೆ ಕಡೆ ನೋಡುತ್ತ ನಿಂತಿರುತ್ತಿತ್ತು. ಕಾಡುಹಂದಿಗಳು ಪಕ್ಕದಲ್ಲೇ ಆಲೂಗೆಡ್ಡೆ ಸಾಲು ಉತ್ತು ಹೋದರೂ ಏಳುತ್ತಿರಲಿಲ್ಲ. ಬೇಟೆ ನಾಯಿಗೆ ಜಂಬ ಜಾಸ್ತಿ ಎಂದು ಮಾವ, ಬರೀ ಸೋಮಾರಿ ಎಂದು ನನ್ನ ಗಂಡ.

ನಿಜ ಕಂಡುಹಿಡಿದವರು ಅತ್ತೆ. ಒಂದು ಮಧ್ಯಾಹ್ನ ಉದ್ದ ಜಗುಲಿಯಲ್ಲಿ ಬೆನ್ನು ತಿರುಗಿಸಿ ಕೂತಿತ್ತು. ಅತ್ತೆ ಒಳಗಿನಿಂದ ದೊಡ್ಡ ಹಿತ್ತಾಳೆ ತಪ್ಪಲೆ ತರುವಾಗ ಕೈಜಾರಿ ಅದು ಚಪ್ಪಡಿ ಕಲ್ಲಿನ ಮೇಲೆ ಬಿತ್ತು. ಗಿಡ್ಡ ಹಾರಿಬಿದ್ದು ಮಂಚದ ಕೆಳಗೆ ಸೇರಿತು. ಉದ್ದ ಕಿವಿ ಕೂಡ ಅಲ್ಲಾಡಿಸಲಿಲ್ಲ. ಅತ್ತೆ ತಪ್ಪಲೆಯನ್ನು ಎತ್ತಿ, ಉದ್ದನ ಹಿಂದೆ ಹೋಗಿ ಸೌಟಿನಿಂದ ಮೂರು ಸಲ ಬಡಿದರು. ಆಮೇಲೆ ತಪ್ಪಲೆ ಕೆಳಗಿಟ್ಟು ಅದರ ಪಕ್ಕ ಕೂತರು.

"ಇದ್ಕ ಕಿವಿ ಕೇಳಿಸಾಕಿಲ್ಲ ಕಣಮ್ಮಿ" ಎಂದರು ಮೆಲ್ಲಗೆ. "ಪಾಪ, ಇಷ್ಟ್ ದಿನ ಎಲ್ರೂ ಬಯ್ದ್ಬುಟ್ವಿ."

ಮಾವನಿಗೆ ಅವಮಾನವಾಯಿತು. ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಿ ಆ ವ್ಯಾಪಾರಿಗೇ ಬಿಟ್ಟು ಬರುತ್ತೇನೆ ಎಂದರು. ಹಾಲು ಬಿಳುಪಿನ ರಾಜಪಾಳ್ಯದ ನಾಯಿಗಳಲ್ಲಿ ಇದು ಕಂಡುಬರುವುದುಂಟು ಎಂದು ವೈದ್ಯರು ಹೇಳಿದ್ದನ್ನು ಕೇಳಿದ ಮೇಲಂತೂ ವ್ಯಾಪಾರಿ ಬೇಕೆಂದೇ ಮೋಸ ಮಾಡಿದ ಎಂದು ಹಾರಾಡಿದರು.

"ನಿಮ್ಗ ಎಡಗಿವಿ ಸರಿಯಾಗಿ ಕೇಳ್ತದಾ?" ಎಂದು ಅತ್ತೆ ಕೇಳಿದರು. "ನಿಮ್ನ ನಾನು ಯಾವ ಸಂತಗ ಬುಟ್ಟಿದ್ದೆ?"

ಮುಂದಿನ ಸಂತೆಗೆ ಮಾವ ಒಬ್ಬರೇ ಹೋಗಿ ಬಂದರು.

ಅತ್ತೆ ಉದ್ದನಿಗೆ ಪಾಠ ಶುರು ಮಾಡಿದರು. ಕೈ ಬಾಯಿಗೆ ಒಯ್ದರೆ ಊಟ. ಅಂಗೈ ಕೆಳಗೆ ಒತ್ತಿದರೆ ಕೂರು. ಸೆರಗು ಬೀಸಿದರೆ ಬಾ. ಒನಕೆಯಿಂದ ನೆಲ ಕುಟ್ಟಿದರೆ ಅದರ ಅದುರು ಪಾದಕ್ಕೆ ತಿಳಿದು ತಿರುಗಿ ನೋಡುತ್ತಿತ್ತು. ಎತ್ತಿನ ಗಂಟೆಯೊಂದನ್ನು ಅದರ ಕೊರಳಿಗೆ ಕಟ್ಟಿದರು. ಕಿವುಡು ನಾಯಿಗೆ ಗಂಟೆ ಯಾಕೆ ಎಂದು ನನ್ನ ಗಂಡ ನಕ್ಕರೆ, "ಅದ್ಕ ಕೇಳ್ದೆ ಇದ್ರ ನಮ್ಗ ಕೇಳ್ತದಲ್ಲ, ಎಲ್ಲಿ ಅದ ಅಂತ" ಎಂದರು.

ಆದರೆ ಉದ್ದನಿಗೆ ಹೆಚ್ಚು ಕಲಿಸಿದ್ದು ಗಿಡ್ಡ. ಯಾರೂ ಹೇಳಿಕೊಡದೆಯೇ ಉದ್ದ ಗಿಡ್ಡನ ಮುಖ ನೋಡುವುದನ್ನು ರೂಢಿ ಮಾಡಿಕೊಂಡಿತ್ತು. ಗಿಡ್ಡನ ಬಾಯಿ ಯಾವ ಕಡೆ ತಿರುಗಿ ಬೊಗಳುತ್ತದೋ ಆ ಕಡೆ ಉದ್ದ ಓಡುತ್ತಿತ್ತು. ಹಿತ್ತಲ ಪರಂಗಿ ಮರಕ್ಕೆ ಕೋತಿಗಳು ಬಂದರೆ ಗಿಡ್ಡ ಜಗುಲಿಯ ಮೇಲಿಂದಲೇ ಅರಚುವುದು, ಉದ್ದ ಬಾಣದಂತೆ ಹೋಗುವುದು. ಕೋತಿಗಳು ಮನೆ ಬದಲಾಯಿಸಿದವು. ಹಗಲಿಡೀ ಬೊಗಳುವ ನಾಯಿಯ ಬಗ್ಗೆ ಅತ್ತೆಯ ದೂರು ಅಲ್ಲಿಗೆ ನಿಂತಿತು.

ಒಂದು ಸಂಜೆ ನಾನು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಊರ ಹತ್ತಿರ ಬಸ್ಸು ನಿಂತುಬಿಟ್ಟು ಹಾರನ್ ಬಡಿಯತೊಡಗಿತು. ಕಿಟಕಿಯಿಂದ ತಲೆ ಹಾಕಿ ನೋಡಿದರೆ, ರಸ್ತೆಯ ನಟ್ಟನಡುವೆ ಉದ್ದ ನಮಗೆ ಬೆನ್ನು ಮಾಡಿ ನಿಂತಿದೆ. ಗಿಡ್ಡ ಪಕ್ಕದ ಹೊಲದಲ್ಲಿ ಯಾವುದೋ ಬಿಲ ಕೆದಕುತ್ತಿದೆ.

"ಏನ್ ನಾಯಿಲಾ ಇದು, ರೋಡು ಅವ್ರಪ್ಪಂದು ಅನ್ನಂಗ ನಿಂತದ" ಎಂದು ಡ್ರೈವರ್ ಬೈದ.

ನಾನು ಎದ್ದು ನಿಂತು, "ಅದು ನಮ್ಮನೇದು ಅಣ್ಣ, ಕಿವಿ ಕೇಳಲ್ಲ" ಎಂದೆ. ಬಸ್ಸಿನ ತುಂಬ ನಗು. ಇಳಿದು ಹೋಗಿ ರಸ್ತೆಗೆ ಕಾಲಿನಿಂದ ಬಡಿದೆ. ಉದ್ದ ತಿರುಗಿ, ನನ್ನನ್ನು ಕಂಡು ಮೈಯೆಲ್ಲ ಕುಣಿಸುತ್ತ ಬಂತು. ಗಂಟೆಯ ಹಗ್ಗ ಹಿಡಿದು ಅದನ್ನು ರಸ್ತೆಯಂಚಿಗೆ ಎಳೆದುಕೊಂಡೆ. ಅಂದಿನಿಂದ ಆ ಡ್ರೈವರ್ ನಮ್ಮ ಊರ ತಿರುವಿನಲ್ಲಿ ನಿಧಾನ ಮಾಡಿ, ಹಾರನ್ ಬದಲು ಲೈಟು ಹಾಕಿ ಆರಿಸುತ್ತಿದ್ದ. ಉದ್ದ ಅದನ್ನೂ ಕಲಿಯಿತು.

ಚಾಮರಾಜನಗರ ಬೇರೆ ಜಿಲ್ಲೆಯಾದಾಗ ಅಲ್ಲಿ ಹೊಸ ಆಫೀಸುಗಳು ತೆರೆದವು. ಗುಂಡ್ಲುಪೇಟೆಯಲ್ಲಿ ಸರ್ಕಾರಿ ಗುಮಾಸ್ತರಾಗಿದ್ದ ನನ್ನ ಗಂಡನಿಗೆ ಅಲ್ಲಿಗೆ ವರ್ಗವಾಯಿತು. ನನಗೆ ತವರೂರಿಗೆ ಹೋಗುವ ಸಂಭ್ರಮ. ಸಾಮಾನು ಲಾರಿಗೆ ಏರಿಸಿದ ಮೇಲೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

"ಒಂದ್ ಮಾತ್ ಕೇಳ್ತಿನಿ. ಆಗಾಕಿಲ್ಲ ಅಂದ್ರ ಆಗಾಕಿಲ್ಲ ಅನ್ನು. ಗಿಡ್ಡನ ಇಲ್ಲೇ ಬುಟ್ಟೋಗ್ತೀಯಾ?"

ನನಗೆ ಸಿಟ್ಟು ಬಂತು. ತವರಿಂದ ನಾನು ತಂದಿದ್ದರಲ್ಲಿ ನನ್ನದೇ ಅಂತ ಉಳಿದಿದ್ದು ಅದೊಂದೇ ಎನಿಸಿತು. "ಆಗಲ್ಲ ಅತ್ತೆ" ಎಂದೆ. ಅವರು ಸರಿ ಎಂದು ತಲೆಯಾಡಿಸಿ, ದಾರಿಗೆ ಕಟ್ಟಿದ್ದ ಬುತ್ತಿಯನ್ನು ಕೈಗೆ ಕೊಟ್ಟರು.

ಚಾಮರಾಜನಗರದ ಬಾಡಿಗೆ ಮನೆಯಲ್ಲಿ ಗಿಡ್ಡ ಬೊಗಳುವುದನ್ನೇ ಬಿಟ್ಟಿತು. ಪೋಸ್ಟ್‌ಮ್ಯಾನ್ ಬಂದರೂ ತಲೆ ಎತ್ತುತ್ತಿರಲಿಲ್ಲ. ಹತ್ತನೆಯ ದಿನ ಮಾವನ ಕಾಗದ ಬಂತು. ಮಳೆ, ಎತ್ತು, ಅರಿಸಿನದ ಸಮಾಚಾರವೆಲ್ಲ ಆದ ಮೇಲೆ, ಉದ್ದ ಹೊಲಕ್ಕೆ ಹೋಗುವುದಿಲ್ಲ, ಬಸ್ ಸ್ಟಾಪಿನಲ್ಲಿ ಕೂರುತ್ತದೆ, ನಿಮ್ಮತ್ತೆ ದಿನಾ ಅಲ್ಲಿಗೇ ಹೋಗಿ ಊಟ ಹಾಕಿ ಬರುತ್ತಾಳೆ ಎಂದು ಬರೆದಿದ್ದರು.

ನಾನು ಆ ಕಾಗದವನ್ನು ಎರಡು ದಿನ ಇಟ್ಟುಕೊಂಡಿದ್ದೆ. ಮೂರನೆಯ ದಿನ ಗಿಡ್ಡನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸುವಾಗಲೇ ಅದಕ್ಕೆ ಗೊತ್ತಾಗಿ, ಬುಟ್ಟಿಯಲ್ಲೇ ನಿಂತು ಬೊಗಳಲು ಶುರು ಮಾಡಿತು. ಹಂಗಳದಲ್ಲಿ ನಾನು ಇಳಿಯುವ ಮೊದಲೇ ಅದು ಇಳಿಯಿತು. ಉದ್ದ ಅದನ್ನು ಒಂದು ಸಲ ಮೂಸಿ, ನಂಬಿಕೆ ಬರದೆ ಮತ್ತೊಂದು ಸಲ ಮೂಸಿ, ಆಮೇಲೆ ರಸ್ತೆಯಂಚಿನಲ್ಲಿ ಗಿರಗಿರ ಸುತ್ತಿತು. ಊಟದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಅತ್ತೆ ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡು, "ನಡಿ, ಮುದ್ದೆ ಆರೋಯ್ತದ" ಎಂದರು.

ಗಿಡ್ಡ ಅಲ್ಲೇ ಉಳಿಯಿತು. ನಾವು ತಿಂಗಳಿಗೆರಡು ಸಲ ಹೋಗಿಬರುತ್ತಿದ್ದೆವು. ಎರಡು ವರ್ಷ ಕಳೆದು ನಮಗೆ ಮಗಳು ಹುಟ್ಟಿದಳು. ಅವಳು ನಡೆಯಲು ಕಲಿತಿದ್ದು ಹಂಗಳದ ಅಂಗಳದಲ್ಲಿ, ಉದ್ದನ ಬೆನ್ನಿನ ಚರ್ಮ ಹಿಡಿದುಕೊಂಡು. ಅವಳು ಒಂದು ಹೆಜ್ಜೆ ಇಟ್ಟರೆ ಅದು ಒಂದು ಹೆಜ್ಜೆ. ಅವಳು ನಿಂತರೆ ಅದೂ ನಿಲ್ಲುವುದು. ಗಿಡ್ಡ ಮುಂದೆ ಮುಂದೆ ಬೊಗಳುತ್ತ ಹಿಮ್ಮುಖವಾಗಿ ನಡೆಯುತ್ತಿತ್ತು. ಅತ್ತೆ ಎರಡೂ ಕೈ ಚಾಚಿಕೊಂಡು ಬಗ್ಗಿ ಹಿಂದೆ ಹಿಂದೆಯೇ ಹೋಗುತ್ತ, "ನಿಧಾನ ಕಣಪ್ಪ, ನಿಧಾನ, ಕೂಸು ಬಿದ್ದೋದದು" ಎಂದು ಉದ್ದನಿಗೆ ಹೇಳುತ್ತಿದ್ದರು.