ಡೋನಟ್ ಇಲ್ಲದ ಎಡೆ

ಮೊನ್ನೆ ಕ್ಯಾರಲ್ಟನ್ನಿನ ಕೊರಿಯನ್ ಅಂಗಡಿಯಲ್ಲಿ ಯಾರೋ ಎಳ್ಳೆಣ್ಣೆಯಲ್ಲಿ ಏನನ್ನೋ ಹುರಿಯುತ್ತಿದ್ದರು. ಆ ವಾಸನೆಗೆ ಸಾಮಾನಿನ ತಳ್ಳುಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಕೊರಿಯನ್ ಆಂಟಿ ಬಾಗಿಲು ತೆರೆದರೆ ಇದೇ ವಾಸನೆ...

ಗಂಡ ತೀರಿಕೊಂಡ ದಿನ ಅವರು ಪ್ರತಿವರ್ಷ ಎಡೆ ಇಡುತ್ತಿದ್ದರು. ಫೋಟೋ ಮುಂದೆ ಅನ್ನ, ಸಾರು, ಮೀನು, ಹಣ್ಣು. ಜೊತೆಗೆ ಸಕ್ಕರೆ ಮೆತ್ತಿದ ಒಂದು ಡೋನಟ್. ಡಾಕ್ಟರು ಬೇಡವೆಂದ ಮೇಲೂ ಆ ಮನುಷ್ಯ ಕದ್ದು ತಿನ್ನುತ್ತಿದ್ದರಂತೆ. "ಈಗ ಶುಗರ್ ಕಾಟ ಇಲ್ಲವಲ್ಲ, ತಿನ್ನಲಿ" ಎಂದು ಆಂಟಿ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದರು. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ನಾವೂ ತಿಥಿ ದಿನ ಹೋದವ್ರಿಗೆ ಇಷ್ಟ ಆಗಿದ್ದನ್ನೇ ಅಲ್ವೇನೇ ಮಾಡೋದು?" ಎಂದರು.

ಒಂದು ವರ್ಷ ಆಸ್ಟಿನ್ ಕಡೆಯಿಂದ ಒಬ್ಬ ಪ್ರೊಫೆಸರ್ ಬಂದರು. ಕೊರಿಯನ್ನರ ಆಚರಣೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ; ಶೂ ಬಿಟ್ಟು ಒಳಬಂದು, ಬಗ್ಗಿ ವಂದಿಸಿ, ಆಂಟಿಯ ಭಾಷೆಯಲ್ಲೇ ಮಾತಾಡಿದರು. ಆಂಟಿ ಅಷ್ಟಕ್ಕೇ ಕರಗಿಹೋದರು. ಎಡೆಯ ಚಿತ್ರ ತೆಗೆಯುವ ಮುಂಚೆ ಪ್ರೊಫೆಸರ್ ಡೋನಟ್ ತಟ್ಟೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಅದು ಸಂಪ್ರದಾಯದ್ದಲ್ಲ, ಓದುವವರಿಗೆ ಗೊಂದಲವಾಗುತ್ತದೆ ಎಂದು ನನಗೂ ವಿವರಿಸಿದರು. ನನಗೆ ಮೈ ಉರಿಯಿತು. ಆಂಟಿ ಮಾತ್ರ ಸರಿಯೆಂದು ತಲೆಯಾಡಿಸಿದರು.

ಪುಸ್ತಕ ಬಂತು. ಆಂಟಿಯ ಮಗಳು ಹೂಸ್ಟನ್‌ನಲ್ಲಿದ್ದಳು, ಈ ದೇಶದಲ್ಲೇ ಹುಟ್ಟಿ ಬೆಳೆದವಳು. ತನ್ನ ಮನೆಯ ಪದ್ಧತಿ ಅಚ್ಚಾಯಿತೆಂದು ಅವಳಿಗೆ ಹೆಮ್ಮೆಯೋ ಹೆಮ್ಮೆ. ಮುಂದಿನ ವರ್ಷ ಆಂಟಿ ಆ ಚಿತ್ರವನ್ನು ಎದುರಿಗಿಟ್ಟುಕೊಂಡೇ ತಟ್ಟೆಗಳನ್ನು ಜೋಡಿಸಿದರು. ಡೋನಟ್ ಇರಲಿಲ್ಲ. ಯಾಕೆ ಎಂದು ಕೇಳಿದೆ.

"ಅವರು ಓದಿದವರು. ನಾನೇ ಇಷ್ಟು ವರ್ಷ ತಪ್ಪು ಮಾಡಿದ್ದೆ ಅಂತ ಕಾಣುತ್ತೆ" ಎಂದರು. ಆ ದಿನ ಅವರು ಗಂಡನ ಫೋಟೋ ಕಡೆ ಸರಿಯಾಗಿ ನೋಡಲೂ ಇಲ್ಲ... ಆಮೇಲೂ ಪ್ರತಿವರ್ಷ ಹೇಳಿ ನೋಡಿದೆ, ಹೇಳಿ ಹೇಳಿ ಸಾಕಾಯಿತು. ಅಚ್ಚಾದದ್ದರ ಮುಂದೆ ಪಕ್ಕದ ಮನೆಯವಳ ಮಾತು ಎಲ್ಲಿ ನಡೆದೀತು?

ಕೊನೆಗಾಲದಲ್ಲಿ ಆಂಟಿ ಮಗಳ ಮನೆ ಸೇರಿ, ಅಲ್ಲೇ ತೀರಿಕೊಂಡರು. ವರ್ಷ ತುಂಬಿದಾಗ ಮಗಳು ನನ್ನನ್ನೂ ಕರೆದಳು. ಹೂಸ್ಟನ್‌ವರೆಗೆ ಡ್ರೈವ್ ಮಾಡಿಕೊಂಡು ಹೋದೆ, ಎಡೆಗೆಂದು ನಾನೇ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ತೆಗೆದುಕೊಂಡು. ಆಂಟಿ ಅದನ್ನು ಬಿಸಿ ಅನ್ನಕ್ಕೆ ಕಲಸಿ, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ತಿನ್ನುತ್ತಿದ್ದರು. ಮಗಳು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಅಡುಗೆಮನೆಯಲ್ಲಿಟ್ಟು ಬಂದಳು.

"ಬೇಜಾರು ಮಾಡ್ಕೋಬೇಡಿ ಆಂಟಿ. ಎಡೆ ಮಾತ್ರ ಅಮ್ಮ ಮಾಡ್ತಿದ್ದ ಹಾಗೇ ಇರಲಿ."

ಎಡೆಗೆ ಕೈಮುಗಿದು ಬಂದೆ. ಈಗ ಅವಳ ಮಕ್ಕಳೂ ಅದೇ ಚಿತ್ರ ನೋಡಿ ಎಡೆ ಇಡುವುದನ್ನು ಕಲಿಯುತ್ತಿದ್ದಾರಂತೆ. ಎಲ್ಲ ಕ್ರಮಬದ್ಧವಾಗಿಯೇ ನಡೆಯುತ್ತಿದೆ. ಆದರೂ ನನಗೆ, ಗಂಡ ಹೆಂಡತಿ ಇಬ್ಬರೂ ಪ್ರತಿವರ್ಷ ಬಂದು ಹಸಿದುಕೊಂಡೇ ಹಿಂದಿರುಗುತ್ತಾರೆ ಅನ್ನಿಸುತ್ತದೆ.