ಒಂದು ಲಕ್ಷ ಶರಣುಗಳ ನಡುವೆ ಯಶೋಧರಾ

ಬೆಳಗಿನ ಐದೂವರೆ. ಹಿರೇಕೆರೂರಿನ ಬೀಜ ಬೆಳೆಗಾರರ ಸಂಘದಲ್ಲಿ ಮೆಟ್ಟಿಲ ಕೆಳಗಿನ ಕೋಣೆಯೊಂದರಲ್ಲಷ್ಟೇ ದೀಪ ಉರಿಯುತ್ತಿದೆ. ಒಳಗೆ ಯಶೋಧರಾ ಆಡೂರ ಕುರ್ಚಿಯ ಮೇಲೆ ಕಾಲು ಮಡಿಚಿ ಕುಳಿತಿದ್ದಾರೆ. ಸಂಘದ ಇಮೇಲ್ ಸರ್ವರ್ ನಿನ್ನೆ ಸಂಜೆಯಿಂದ ಮೂರು ಸಲ ಬಿದ್ದಿದೆ.

ಕಾರಣ, ಜನರ ಸೌಜನ್ಯ. ನಿನ್ನೆ ಸಂಘವು ಸಾವಿರದ ಎಂಟುನೂರು ಸದಸ್ಯರಿಗೆ ಬಿತ್ತನೆಯ ವೇಳಾಪಟ್ಟಿ ಕಳಿಸಿತು. ಪತ್ರ ಮುಟ್ಟಿದ ಮೇಲೆ ಸುಮ್ಮನಿರುವುದು ಈ ಸೀಮೆಯ ರೀತಿಯಲ್ಲ. ‘ಸಿಕ್ಕೈತ್ರಿ, ಶರಣ್ರಿ’ ಎಂದು ಎಪ್ಪತ್ತು ಮಂದಿ ಉತ್ತರ ಬರೆದರು. ಸಂಘಕ್ಕಷ್ಟೇ ಶರಣೆಂದು ಉಳಿದವರನ್ನು ಬಿಡುವುದುಂಟೆ? ಒಬ್ಬೊಬ್ಬರೂ ಎಲ್ಲ ಸದಸ್ಯರಿಗೂ ಕಳಿಸಿದರು. ದಿನಕ್ಕೆ ನಾಲ್ಕು ಸಾವಿರ ಪತ್ರ ಸಾಗಿಸುವ ಯಂತ್ರದ ತಲೆಯ ಮೇಲೆ ಒಂದು ಲಕ್ಷ ಇಪ್ಪತ್ತಾರು ಸಾವಿರ ಬಂದು ಕುಳಿತವು.

ಆ ರಾಶಿಯಲ್ಲೆಲ್ಲೋ ಚಿಕ್ಕೇರೂರಿನ ಸಿದ್ದವ್ವನ ಮೆಣಸಿನಕಾಯಿ ಬೀಜದ ಮೊಳಕೆ ಪರೀಕ್ಷೆಯ ವರದಿ, ಪ್ರಯೋಗಾಲಯದಿಂದ ಬಂದು ಕಂಪನಿಗೆ ಹೋಗಬೇಕಾದದ್ದು, ಸಿಕ್ಕಿಕೊಂಡಿದೆ. ಎಂಟಕ್ಕೆ ಬೀಜ ಕೊಳ್ಳುವ ಕಂಪನಿಯ ಲಾರಿ ಬರುತ್ತದೆ. ವರದಿ ಕಂಪನಿಗೆ ಮುಟ್ಟದಿದ್ದರೆ ಚೀಲ ಹತ್ತುವುದಿಲ್ಲ. ಇನ್ನೊಂದು ಪ್ರತಿ ಕೇಳೋಣವೆಂದರೆ ಪ್ರಯೋಗಾಲಯ ತೆರೆಯುವುದೇ ಹತ್ತಕ್ಕೆ. ಮುಂದಿನ ಲಾರಿ ಹದಿನೈದು ದಿನಕ್ಕೆ. ಈ ಜಿಟಿಜಿಟಿ ಮಳೆಯಲ್ಲಿ ಬೀಜ ಅಲ್ಲಿಯತನಕ ತಾಳದು.

ಕಾರ್ಯದರ್ಶಿ ಪರಮೇಶಪ್ಪ ಶಾಲು ಹೊದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. “ಎಲ್ಲಾ ಅಳಿಸಿಬಿಡವಾ. ಇಲ್ಲಾಂದ್ರ ಬಂದ್ ಮಾಡಿ ಚಾಲೂ ಮಾಡು.”

“ಮೂರು ಸಲ ಮಾಡೇನ್ರಿ ಸರ. ಬಿದ್ದಾಂವನ್ನ ಎಬ್ಬಿಸಿ ಮತ್ತ ಅದ ಮೂಟಿ ಹೊರಸಿದ್ರ ನಡೀತಾನೇನ್ರಿ?”

ಯಶೋಧರಾ ಮಾಡುವುದು ನೋಡಲು ಸರಳ. ಹೊಸ ಪತ್ರಗಳಿಗೆ ಬಾಗಿಲು ಹಾಕಿ, ಎಲ್ಲರಿಗೂ ಒಟ್ಟಿಗೆ ಬರೆಯುವ ದಾರಿ ಮುಚ್ಚುತ್ತಾರೆ. ಇಡೀ ರಾಶಿಯನ್ನು ಪಕ್ಕಕ್ಕೆ ಸರಿಸಿ, ಹಗುರಾದ ಯಂತ್ರವನ್ನು ಎಬ್ಬಿಸುತ್ತಾರೆ. ಆಮೇಲೆ ಒಬ್ಬರ ಹೆಸರಿಗಷ್ಟೇ ಇರುವ ಪತ್ರಗಳನ್ನು ಕೇರಿ ತೆಗೆದು ಐವತ್ತೈವತ್ತರಂತೆ ಬಿಡುತ್ತಾರೆ. ಕಣ್ಣು ಪರದೆಯ ಅಂಕಿಗಳಲ್ಲಿ, ಕಿವಿ ಯಂತ್ರದ ಫ್ಯಾನಿನಲ್ಲಿ; ಅದರ ಸದ್ದು ಏರಿದರೆ ಕೈ ತಡೆಯುತ್ತದೆ, ಇಳಿದರೆ ಬಿಡುತ್ತದೆ. ಅವಸರ ಮಾಡಲು ಬಂದ ಪರಮೇಶಪ್ಪ ಜಾರಿದ ಶಾಲನ್ನು ಎತ್ತಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದಾರೆ.

ಯಶೋಧರಾ ಹಾವೇರಿಯಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲಿ ಸೇರಿ ಹನ್ನೊಂದು ವರ್ಷ. ಸಂಘದ ಕಾಗದದಲ್ಲಿ ಅವರಿನ್ನೂ ‘ಟೈಪಿಸ್ಟ್’. “ಅದೂ ಬರ್ತೈತ್ರಿ,” ಎನ್ನುತ್ತಾರೆ.

ಏಳೂ ನಲವತ್ತಕ್ಕೆ ವರದಿ ಹೋಗುತ್ತದೆ. ಎಂಟು ದಾಟಿ ಸ್ವಲ್ಪ ಹೊತ್ತಿಗೆ ಸಿದ್ದವ್ವನ ಫೋನು.

“ಚೀಲ ಹತ್ತಿದ್ವು ನನ್ನವ್ವ. ಅದೇನೋ ಕೆಟ್ಟಿತ್ತಂತಲ್ಲ?”

“ಏನಿಲ್ಲ ಬಿಡಬೇ ಯವ್ವಾ. ಸ್ವಲ್ಪ ಗದ್ಲಿತ್ತು.”

“ಈಗರ ಅಳಸು,” ಎನ್ನುತ್ತಾರೆ ಪರಮೇಶಪ್ಪ. “ಬರೇ ಶರಣು ಉಳದಾವು.”

ಯಶೋಧರಾ ಮುಂದಿನ ಐವತ್ತನ್ನು ಬಿಡುತ್ತಾರೆ. “ತಿಂಗಳ ಹಿಡದ್ರೂ ಎಲ್ಲಾ ಮುಟ್ತಾವ್ರಿ ಸರ. ಮಂದಿ ಕೈಮುಗದದ್ದನ್ನ ನಾ ಹೆಂಗ ಅಳಸ್ಲಿ?”